ಅಡ್ಡೆಗೆ ಹೆಂಡತಿಯ ಫೋನ್ ಬರಬಾರದು

ಪ್ರಿಯ ಶಂಕರ,

ನಿನ್ನ ಥ್ರಿಲ್ಲರ್‌ನ ಕರಡು ಓದಿದೆ. ಗುರುತು ಮರೆಸಿಕೊಂಡು ಗ್ಯಾಂಗಿನೊಳಗೆ ನುಸುಳಿ ಅಡ್ಡೆಯಲ್ಲಿ ಕೂತ ನಾಯಕನಿಗೆ ಹೆಂಡತಿ ಫೋನ್ ಮಾಡುವ ದೃಶ್ಯ ಕಿತ್ತುಹಾಕು ಮಾರಾಯ. ಆ ನಂಬರ್ ಮನೆಯವರ ಕೈಗೆ ಸಿಗಲೇಬಾರದು. ಬಿಡುವು ಸಿಕ್ಕಾಗ ಅವನೇ ಹೊರಗಿನಿಂದ ಮಾಡಬೇಕು.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿ ಜೋ ಪಿಸ್ಟೋನ್‌ನ ಪ್ರಕರಣ ನೋಡು. 1976ರಲ್ಲಿ ‘ಡಾನಿ ಬ್ರಾಸ್ಕೊ’ ಎಂಬ ಹೆಸರಿಟ್ಟುಕೊಂಡು ಇಳಿದವನು ನ್ಯೂಯಾರ್ಕಿನ ಬೊನಾನೊ ಮಾಫಿಯಾದೊಳಗೆ ಸೇರಿಕೊಂಡ. ಆರು ತಿಂಗಳ ಕೆಲಸವೆಂದು ಶುರುವಾಗಿದ್ದು 1981ರ ಜುಲೈವರೆಗೆ ಎಳೆಯಿತು. ಅವನು ಹಾಕಿದ್ದು ಒಡವೆ ಕಳ್ಳನ ವೇಷ. ಯಾಕೆ ಗೊತ್ತೇ? ಒಡವೆ ಕಳ್ಳ ಒಂಟಿಯಾಗಿಯೇ ಕೆಲಸ ಮಾಡಬಲ್ಲ. ಜೊತೆಗಾರ ಯಾರೆಂದು ಕೇಳುವವರಿಲ್ಲ, ರಕ್ತಪಾತದ ಹಂಗೂ ಇಲ್ಲ. ಅದಕ್ಕೇ ಅವನು ಹರಳು ಪರೀಕ್ಷಿಸುವುದನ್ನು ಕಲಿತ. ಇತ್ತ ಇಲಾಖೆ ಕಡತಗಳಿಂದ ಅವನ ಹೆಸರನ್ನೇ ಅಳಿಸಿತು.

ನೀನು ಪ್ರತಿ ಅಧ್ಯಾಯದಲ್ಲೂ ನಿನ್ನ ನಾಯಕನ ಎದೆಗೆ ಮೈಕ್ ಕಟ್ಟಿದ್ದೀಯ. ಪಿಸ್ಟೋನ್ ಕಾಲದ ನಾಗ್ರಾ ರೆಕಾರ್ಡರ್ ಹೆಚ್ಚುಕಡಿಮೆ ಅಂಗೈಯಷ್ಟಗಲ. ಭೇಟಿಯಾದಾಗಲೆಲ್ಲ ತಬ್ಬಿಕೊಳ್ಳುವ ಜನರ ನಡುವೆ ಅದು ಸಾವಿನ ಚೀಟಿ. ಅಗತ್ಯವಿದ್ದಾಗ ಮಾತ್ರ ಕಟ್ಟಿಸು. ಉಳಿದದ್ದನ್ನು ನೆನಪಿಟ್ಟುಕೊಂಡು ಬಂದು ಮೇಲಧಿಕಾರಿಗೆ ಒಪ್ಪಿಸಲಿ.

ಸಂಸಾರದ ವಿಷಯಕ್ಕೆ ಬಾ. ಪಿಸ್ಟೋನ್‌ಗೆ ಹೆಂಡತಿ, ಮೂವರು ಹೆಣ್ಣುಮಕ್ಕಳು. ಅವರನ್ನು ಊರು ಬಿಡಿಸಿ ಬೇರೆಡೆ ಇಡಬೇಕಾಯಿತು. ಅತ್ತ ಲೆಫ್ಟಿ ರುಗ್ಗಿಯೆರೊ ಎಂಬ ಮಾಫಿಯಾ ಆಸಾಮಿ ಸದಾ ಇವನ ಬೆನ್ನಿಗೆ. ಎಲ್ಲಿ ಹೋದೆ, ಯಾಕೆ ಹೋದೆ ಎಂದು ಲೆಕ್ಕ ಕೇಳುವವನು. ಹಬ್ಬದ ದಿನ ಮಾಯವಾದರೆ ಅನುಮಾನ, ಮನೆಗೆ ಹೋಗದಿದ್ದರೆ ಜಗಳ. ನಿನ್ನ ಕಥೆಯ ಬಿಗಿ ಇಲ್ಲಿದೆ, ಬಂದೂಕಿನಲ್ಲಲ್ಲ. ಮನೆಯವರಿಗೆ ಅವನು ಯಾರ ಜೊತೆ ಇದ್ದಾನೆಂದು ಹೇಳುವಂತಿಲ್ಲ. ಹೆಂಡತಿ ಪಾತ್ರಕ್ಕೆ ಕಣ್ಣೀರು ಕಮ್ಮಿ ಮಾಡಿ ಕೋಪ ಕೊಡು.

ಇನ್ನೊಂದು ಎಳೆ ನೀನು ಮುಟ್ಟೇ ಇಲ್ಲ: ಅವನನ್ನು ನಂಬಿದವರ ಗತಿ. ಕಾರ್ಯಾಚರಣೆ ನಿಲ್ಲಿಸಿದ ಮೇಲೆ ಎಫ್‌ಬಿಐನವರೇ ಹೋಗಿ, ಪಿಸ್ಟೋನ್‌ನನ್ನು ನಂಬಿದ್ದ ಬೊನಾನೊ ಗ್ಯಾಂಗಿನ ಮುಖಂಡ ಸನ್ನಿ ಬ್ಲ್ಯಾಕ್ ನಪೊಲಿಟಾನೊಗೆ ನಿಜ ತಿಳಿಸಿದರು. ಆಗಸ್ಟ್‌ನಲ್ಲಿ ಅವನನ್ನು ಅವನವರೇ ಕೊಂದರು. ಲೆಫ್ಟಿ ಬದುಕಿದ್ದು ಎಫ್‌ಬಿಐ ಮೊದಲೇ ಬಂಧಿಸಿದ್ದರಿಂದ. ಪಿಸ್ಟೋನ್ ತಲೆಗೆ ಕಟ್ಟಿದ ಬೆಲೆ ಐದು ಲಕ್ಷ ಡಾಲರ್. ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಆದರೆ ಅವನ ಸಂಸಾರಕ್ಕೆ ಹಳೆಯ ಹೆಸರು ಮರಳಲಿಲ್ಲ.

ಹಾಗಾಗಿ ಕೊನೆಯ ಅಧ್ಯಾಯದ ಪದಕ ಪ್ರದಾನ ಬಿಡು. ಕೋರ್ಟಿನ ಸಾಕ್ಷಿಕಟ್ಟೆಯಿಂದ ಬರೆಯಲು ಶುರು ಮಾಡು. ಅಲ್ಲಿ ಅವನು ನಿಜ ಹೆಸರು ಹೇಳಲೇಬೇಕು, ಎದುರಿಗೆ ಲೆಫ್ಟಿಯಂಥವನು ಕೂತಿರುತ್ತಾನೆ. ತಿದ್ದಿದ ಮೇಲೆ ಕಳಿಸು.

ನಿನ್ನ,
ರಘು