ಪ್ರಿಂಟ್ ಗುಂಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ: ಇ-ಆಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಹೋದ ವಾರ ಅಮ್ಮನ ಪಿಂಚಣಿ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿದೆ. ಕೊನೆಯ ಪುಟದಲ್ಲಿ ಒಂದೇ ಒಂದು ದೊಡ್ಡ ಗುಂಡಿ: 'ಸ್ವೀಕೃತಿ ಪ್ರಿಂಟ್ ಮಾಡಿ'. ಒತ್ತಿದೆ, ಮೂರು ಹಾಳೆ ಬಂದವು. ಮೊದಲನೆಯದರ ತುಂಬ ಇಲಾಖೆಯ ಲಾಂಛನ, ಮೆನು, ಯಾವುದೋ ಪ್ರಕಟಣೆಯ ಬ್ಯಾನರು. ಎರಡನೆಯದರಲ್ಲಿ ನನಗೆ ಬೇಕಿದ್ದ ನಾಲ್ಕು ಸಾಲು: ಅರ್ಜಿ ಸಂಖ್ಯೆ, ಹೆಸರು, ದಿನಾಂಕ, ಕಚೇರಿ. ಅದರಡಿಯಲ್ಲಿ 'ಕಾಗದ ಉಳಿಸಿ' ಎಂಬ ಮನವಿ. ಮೂರನೆಯದು ಪೂರ್ತಿ ಖಾಲಿ. ಮೂಲೆಯಲ್ಲಿ '3/3' ಎಂದಷ್ಟೇ ಇತ್ತು.

ಮನವಿ ಬರೆದವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಪರದೆಗಳ ವಿನ್ಯಾಸವೇ ನನ್ನ ಕಸುಬು. ಅವಸರದಲ್ಲಿರುವ ಜನ ಬುದ್ಧಿಮಾತು ಓದುತ್ತ ನಿಲ್ಲುವುದಿಲ್ಲ, ಕಣ್ಣಿಗೆ ಮೊದಲು ಬಿದ್ದ ಗುಂಡಿ ಒತ್ತುತ್ತಾರೆ. ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಅಳೆದು ನೋಡಿತ್ತು. ಕಾಗದ ಉಳಿಸಿ ಎಂದು ಕೇಳಿಕೊಂಡಾಗ ಬಳಕೆ ಇಳಿಯಲಿಲ್ಲ. ಪ್ರಿಂಟರುಗಳ ಡೀಫಾಲ್ಟನ್ನು, ಅಂದರೆ ನಾವು ಏನೂ ಆಯ್ದುಕೊಳ್ಳದಿದ್ದರೆ ಅವು ತಾವಾಗಿಯೇ ಮುದ್ರಿಸುವ ರೀತಿಯನ್ನು, ಎರಡೂ ಬದಿಯ ಮುದ್ರಣಕ್ಕೆ ಬದಲಿಸಿದಾಗ ಸುಮಾರು 15% ಇಳಿಯಿತು. ಒಂದೇ ಬದಿ ಬೇಕಾದವರು ಆಗಲೂ ಆಯ್ದುಕೊಳ್ಳಬಹುದಿತ್ತು.

ನಮ್ಮ ಮೂರು ಹಾಳೆಯನ್ನು ಒಂದಕ್ಕೆ ಇಳಿಸುವುದು ತೀರ ಸಣ್ಣ ಕೆಲಸ. ಮುದ್ರಿಸುವಾಗ ಮೆನು, ಬ್ಯಾನರು ಬಿಟ್ಟುಬಿಡು ಎಂದು ಪುಟಕ್ಕೆ ಹೇಳುವ ಸೌಲಭ್ಯ, ವೆಬ್ ಪುಟಗಳ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ 1998ರಿಂದಲೇ ಇದೆ. ಸಾಮಾನ್ಯ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಒಂದು ಲಕ್ಷ ಅರ್ಜಿಗೆ ತಲಾ ಎರಡು ಹಾಳೆ ಉಳಿದರೂ ಒಂದು ಟನ್ ಕಾಗದ ಉಳಿದಂತೆ.

ಆದರೆ ಆ ಒಂದು ಹಾಳೆಯಾದರೂ ಯಾಕೆ ಬೇಕಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಜನ ಪ್ರಿಂಟ್ ತೆಗೆಸುವುದು ಕೌಂಟರಿನ ಭಯಕ್ಕೆ. 'ಪ್ರಿಂಟ್ ತಂದಿಲ್ವಾ? ತಗೊಂಡು ಬನ್ನಿ' ಎಂಬ ಮಾತು ಕೇಳಿ ಒಮ್ಮೆ ವಾಪಸ್ ಹೋದವರು ಮುಂದಿನ ಸಲ ಎರಡು ಪ್ರತಿ ಹಿಡಿದೇ ಬರುತ್ತಾರೆ. ಇದರಲ್ಲಿ ಗುಮಾಸ್ತರ ತಪ್ಪಿಲ್ಲ. ಅವರ ಮುಂದಿನ ಪರದೆಯಲ್ಲಿ ಫೋನ್ ನಂಬರಿನಿಂದಲೋ ಹೆಸರಿನಿಂದಲೋ ಅರ್ಜಿ ಹುಡುಕಲು ಬಾರದಿದ್ದರೆ ಅವರು ಕಾಗದ ಕೇಳದೆ ಇನ್ನೇನು ಮಾಡಿಯಾರು? ಹಾಗಾಗಿ ನಾಗರಿಕರ ಪರದೆಗಿಂತ ಮೊದಲು ಗುಮಾಸ್ತರ ಪರದೆಯನ್ನು ಸರಿಪಡಿಸಿ. 'ಈ ಅರ್ಜಿಗೆ ಪ್ರಿಂಟ್ ತರಬೇಕಿಲ್ಲ' ಎಂಬ ಸಾಲನ್ನು ಸ್ವೀಕೃತಿಯ ಮೇಲೇ ದಪ್ಪಕ್ಷರದಲ್ಲಿ ಹಾಕಿಸಿ, ಅದನ್ನು ಪ್ರತಿ ಕೌಂಟರೂ ಪಾಲಿಸುವಂತೆ ಆದೇಶ ಹೊರಡಿಸಿ. ಆಮೇಲೆ 'ಫೋನಿಗೆ ಕಳಿಸಿ' ಎಂಬ ಗುಂಡಿ ಮುಂದೆ ಬರಲಿ, 'ಪ್ರಿಂಟ್' ಅದರ ಪಕ್ಕದಲ್ಲಿ ಚಿಕ್ಕದಾಗಿರಲಿ.

ಪ್ರಿಂಟ್ ಗುಂಡಿಯನ್ನೇ ತೆಗೆದುಹಾಕಬೇಡಿ ಎಂದೂ ಅಷ್ಟೇ ಒತ್ತಿ ಕೇಳುತ್ತೇನೆ. ನಮ್ಮಮ್ಮನಿಗೆ ಕಾಗದ ಕೈಯಲ್ಲಿದ್ದರೇನೇ ನೆಮ್ಮದಿ. ಸ್ಮಾರ್ಟ್‌ಫೋನ್ ಇಲ್ಲದವರಿಗಂತೂ ಅದೇ ಆಧಾರ. ಫ್ರಾನ್ಸಿನಲ್ಲಿ 2023ರ ಆಗಸ್ಟ್ 1ರಿಂದ ಅಂಗಡಿಗಳು ತಾವಾಗಿಯೇ ರಸೀದಿ ಮುದ್ರಿಸುವಂತಿಲ್ಲ, ಆದರೆ ಕೇಳಿದವರಿಗೆ ಕೊಡಲೇಬೇಕು. ಆ ಎರಡನೆಯ ಮಾತು ನಿಮ್ಮ ಆದೇಶದಲ್ಲೂ ಇರಲಿ.

ಸಭೆ ಕರೆಯುವ ಮುನ್ನ ನೀವೇ ಒಂದು ಅರ್ಜಿ ತುಂಬಿ ಪ್ರಿಂಟ್ ಕೊಟ್ಟು ನೋಡಿ. ಬಂದ ಹಾಳೆಗಳನ್ನು ಅಧಿಕಾರಿಗಳ ಮುಂದೆ ಮೇಜಿನ ಮೇಲೆ ಹರಡಿ. ಕೆಲಸಕ್ಕೆ ಕೈಹಾಕುವುದಾದರೆ ನನ್ನ ಬಿಡುವಿನ ಸಮಯವನ್ನು ಸಂಬಳವಿಲ್ಲದೆ ಕೊಡಲು ನಾನು ಸಿದ್ಧ.

ಇತಿ,
ಅರ್ಜಿದಾರರ ಮಗಳು