ಹೆದ್ದಾರಿ ದಾಟುವ ಆ ಅರ್ಧ ನಿಮಿಷ

ಮಾನ್ಯ ಸಂಪಾದಕರೇ,

ಹತ್ತಿ ಸುಗ್ಗಿ ಶುರುವಾಗಿದೆ. ರಾಯಚೂರಿನಲ್ಲಿ ಈಗ ಸಂಜೆ 5.45ರ ಹೊತ್ತಿಗೆ ಹೊತ್ತು ಮುಳುಗುತ್ತದೆ. ತರಗತಿ, ಪ್ರಯೋಗಾಲಯ ಮುಗಿಸಿಕೊಂಡು ವಿದ್ಯಾರ್ಥಿಗಳು ಗೇಟಿಗೆ ಬರುವುದು, ಹತ್ತಿಯ ಅಂಡಿಗೆ (ದೊಡ್ಡ ಚೀಲ) ಹೇರಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವುದು, ಬೆಳಕು ಕಂದುವುದು ಎಲ್ಲವೂ ಒಂದೇ ತಾಸಿನೊಳಗೆ. ಯರಗೇರಾ ಬಳಿಯ ವಿಶ್ವವಿದ್ಯಾಲಯ ಇರುವುದು ಮಂತ್ರಾಲಯಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 167ರ ದಾರಿಯಲ್ಲಿ. ಕೃಷಿ ವಿಶ್ವವಿದ್ಯಾಲಯ ಲಿಂಗಸುಗೂರು ರಸ್ತೆಯಲ್ಲಿದೆ. ಎರಡೂ ಕಡೆ ಓದುವ ಮಕ್ಕಳು ಹೆದ್ದಾರಿಯ ವಾಹನಗಳ ನಡುವೆಯೇ ಬಂದು ಹೋಗಬೇಕು.

ಕ್ಯಾಂಪಸ್ ಸುರಕ್ಷತೆ ಎಂದ ಕೂಡಲೇ ಸಿಸಿ ಕ್ಯಾಮೆರಾ, ಕಾಂಪೌಂಡು, ಕಾವಲುಗಾರರ ಮಾತು ಬರುತ್ತದೆ. ಅವೂ ಬೇಕು. ಆದರೆ ಒಂದು ಸರಳ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಬರುವಾಗ ಬಸ್ಸಿಳಿಯುವುದು ರಸ್ತೆಯ ಒಂದು ಮಗ್ಗುಲಲ್ಲಿ, ಹೋಗುವಾಗ ಹತ್ತುವುದು ಇನ್ನೊಂದು ಮಗ್ಗುಲಲ್ಲಿ. ಗೇಟು ಯಾವ ಕಡೆ ಇದ್ದರೂ ಬಸ್ಸಿನಲ್ಲಿ ಓಡಾಡುವ ಪ್ರತಿಯೊಬ್ಬರೂ ದಿನಕ್ಕೆ ಒಂದು ಸಲ ಹೆದ್ದಾರಿ ದಾಟಲೇಬೇಕು. ಮೊದಲು ಸರಿಪಡಿಸಬೇಕಾದದ್ದು ಆ ದಾಟುವಿಕೆಯನ್ನು.

ಅಲ್ಲಿ ಆಗುವುದು ಇಷ್ಟು. ಬಸ್ಸು ನಿಲ್ಲುತ್ತದೆ, ಇಳಿದವರು ಬಸ್ಸಿನ ಮುಂದಿನಿಂದಲೇ ರಸ್ತೆಗೆ ಹೆಜ್ಜೆ ಇಡುತ್ತಾರೆ. ನಿಂತ ಬಸ್ಸನ್ನು ಬಲಗಡೆಯಿಂದ ಹಿಂದಿಕ್ಕುವ ಕಾರಿಗೆ ಅವರು ಕಾಣುವುದಿಲ್ಲ, ಅವರಿಗೆ ಕಾರು ಕಾಣುವುದಿಲ್ಲ. ಬಸ್ಸಿನ ಮೂಲೆ ದಾಟಿ ತಲೆ ಹೊರಗೆ ಬಂದಾಗ ನಡುವೆ ಉಳಿದಿರುವುದು ನಾಲ್ಕೈದು ಮೀಟರ್. ಹಿಂದಿನಿಂದ ದಾಟಿದರೆ ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ. ಅದೂ ಅರ್ಧ ನಿಜ ಮಾತ್ರ. ಬಸ್ಸಿನ ಬೆನ್ನಿಗೇ ಅಂಟಿಕೊಂಡು ದಾಟಿದರೆ ಎದುರು ದಿಕ್ಕಿನಿಂದ, ಅಂದರೆ ಆಚೆ ಮಗ್ಗುಲಲ್ಲಿ ಬರುವ ವಾಹನವನ್ನು ಅದೇ ಬಸ್ಸು ಮರೆಮಾಡಿರುತ್ತದೆ. ಸರಿಯಾದ ಕ್ರಮ ಒಂದೇ: ಇಳಿದ ಮೇಲೆ ಡಾಂಬರು ಬಿಟ್ಟು ಮಣ್ಣಿನಂಚಿಗೆ ಬನ್ನಿ, ಬಸ್ಸು ಹೊರಟು ಎರಡೂ ಕಡೆ ರಸ್ತೆ ಬಯಲಾಗುವವರೆಗೆ ನಿಲ್ಲಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ, ಓಡದೆ ನೇರವಾಗಿ ದಾಟಿ. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಆ ಅರ್ಧ ನಿಮಿಷವಾದರೂ ತೆಗೆಯಿರಿ.

ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿದರಷ್ಟೇ ಸಾಲದು, ನಿಲ್ದಾಣದ ಜಾಗವೂ ಸರಿ ಇರಬೇಕು. ಎರಡು ದಿಕ್ಕಿನ ನಿಲ್ದಾಣಗಳನ್ನು ಎದುರುಬದುರಾಗಿ ಕಟ್ಟಬಾರದು. ಎರಡು ಬಸ್ಸು ಒಟ್ಟಿಗೆ ನಿಂತರೆ ನಡುವಿನ ರಸ್ತೆ ಇಕ್ಕಟ್ಟಿನ ಓಣಿಯಾಗುತ್ತದೆ. ದಾಟುವ ಪಟ್ಟೆ ನಡುವೆ ಇರಲಿ, ಎರಡೂ ಬಸ್ಸುಗಳು ಅದನ್ನು ದಾಟಿ 15–20 ಮೀಟರ್ ಮುಂದೆ ಹೋಗಿ, ಒಂದರ ಬೆನ್ನು ಇನ್ನೊಂದರ ಬೆನ್ನಿನ ಕಡೆ ಇರುವಂತೆ ನಿಲ್ಲಲಿ. ಆಗ ಇಳಿದವರು ತಾವಾಗಿ ಬಸ್ಸಿನ ಹಿಂದಕ್ಕೆ ನಡೆದು ಪಟ್ಟೆಗೆ ಬರುತ್ತಾರೆ, ಅಲ್ಲಿ ನಿಂತರೆ ಎರಡೂ ಕಡೆ ಕಾಣುತ್ತದೆ. ಬಸ್ ಬೇ, ಅಂದರೆ ಬಸ್ಸು ಡಾಂಬರು ಬಿಟ್ಟು ಮಗ್ಗುಲಿಗೆ ನಿಲ್ಲುವ ಜಾಗ, ಕನಿಷ್ಠ ಎರಡು ಬಸ್ಸಿನ ಉದ್ದಕ್ಕೆ ಇರಬೇಕು ಮತ್ತು ಅದರಲ್ಲಿ ಟಂಟಂಗಳು (ಜನರನ್ನು ಹೇರುವ ಮೂರು ಚಕ್ರದ ಗಾಡಿಗಳು) ನಿಲ್ಲಕೂಡದು. ಟಂಟಂ ನಿಂತಿದ್ದರೆ ಚಾಲಕ ಬಸ್ಸನ್ನು 30–40 ಮೀಟರ್ ಮುಂದೆ ಡಾಂಬರಿನ ಮೇಲೆಯೇ ನಿಲ್ಲಿಸುತ್ತಾನೆ, ಕಾಯುತ್ತಿದ್ದವರೆಲ್ಲ ರಸ್ತೆಯ ಮೇಲೆ ಅತ್ತ ಓಡುತ್ತಾರೆ, ಮೊದಲು ಮುಟ್ಟಿದವರು ಚಲಿಸುವ ಬಸ್ಸಿನ ಹಿಡಿಕೆಗೆ ಕೈ ಹಾಕುತ್ತಾರೆ.

ನೆರಳಿನ ಮಾತೂ ಇದಕ್ಕೆ ಸೇರಿದ್ದೇ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಜನ ನಿಲ್ಲುವುದು ಫಲಕ ಇದ್ದಲ್ಲಿ ಅಲ್ಲ, ನೆರಳು ಇದ್ದಲ್ಲಿ. ನೆರಳು ಕೊಡುವ ಬೇವಿನ ಮರ ಆಚೆ ಮಗ್ಗುಲಿದ್ದರೆ ಮಕ್ಕಳು ಅಲ್ಲಿ ನಿಂತು, ಬಸ್ಸು ಕಂಡ ಮೇಲೆ ಓಡಿ ದಾಟುತ್ತಾರೆ. ತಂಗುದಾಣಕ್ಕೆ ಅಗಲವಾದ ಚಾವಣಿ ಹಾಕಿಸುವುದು ಅಪಘಾತ ತಡೆಯುವ ಕೆಲಸವೇ.

ವೇಗ ತಗ್ಗಿಸಲು ಊರವರು ರಾತ್ರೋರಾತ್ರಿ ಮಣ್ಣು, ಜಲ್ಲಿ ಸುರಿದು ಹಂಪು ಕಟ್ಟುವುದುಂಟು. ಅದರಿಂದ ಬೀಳುವವರು ಬೈಕ್ ಸವಾರರು. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಾವು ಕಾಣುವ ಹಂಪುಗಳು ಅಷ್ಟೇ ಎತ್ತರದಲ್ಲಿ ಒಂದು ಮಾರು ಅಗಲವೂ ಇರುವುದಿಲ್ಲ, ಬಣ್ಣವಂತೂ ಇರುವುದೇ ಇಲ್ಲ. ಅಳತೆಗೆ ಸರಿಯಾಗಿ ಕಟ್ಟಿದ ಹಂಪು ಕ್ಯಾಂಪಸ್ಸಿನ ಒಳರಸ್ತೆಗೆ ಸರಿ, ಅದೂ ಬಿಳಿ-ಕಪ್ಪು ಪಟ್ಟೆ ಮತ್ತು ಮುಂಚಿತ ಫಲಕದೊಂದಿಗೆ. ಹೆದ್ದಾರಿಗೆ ಬೇಕಾದದ್ದು ಗೇಟಿಗೆ ಮೊದಲೇ ಚಾಲಕನನ್ನು ಎಚ್ಚರಿಸುವ ಅಡ್ಡ ಗೀರುಪಟ್ಟಿಗಳು, ಮಿನುಗುವ ಹಳದಿ ದೀಪ, ಮತ್ತು ದಾಟುವ ಪಟ್ಟೆಯ ಮೇಲೆಯೇ ಬೆಳಕು ಬೀಳುವ ಒಂದು ಕಂಬ.

ಇನ್ನು ಟ್ರ್ಯಾಕ್ಟರ್. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗಿರುವುದನ್ನು ಕಂಡು ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಮತ್ತೆ 20–25 ಮೀಟರ್. ಡಿಮ್ ಲೈಟಿನಲ್ಲಿ ದೀಪವಿಲ್ಲದ ಕಪ್ಪು ಟ್ರಾಲಿಯ ಹಿಂಭಾಗ ಕಣ್ಣಿಗೆ ಬೀಳುವುದು ಅದಕ್ಕಿಂತ ಹತ್ತಿರ ಬಂದ ಮೇಲೆ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದರಂತೂ ಇನ್ನೂ ತಡ. ಅದೇ 40 ಕಿ.ಮೀ. ವೇಗದಲ್ಲಿ ಒಟ್ಟು 27 ಮೀಟರಿನೊಳಗೆ ನಿಲ್ಲಬಹುದು. ಕತ್ತಲಾದ ಮೇಲೆ 40 ದಾಟಬೇಡಿ ಎಂದು ನಾವು ಹಟ ಹಿಡಿಯುವುದು ಈ ಲೆಕ್ಕದ ಮೇಲೆ. ಹತ್ತಿ ಹೇರಿದ ಟ್ರಾಲಿಯಲ್ಲಿ ಇನ್ನೊಂದು ಅಪಾಯವಿದೆ: ಅಂಡಿಗೆ ಎರಡೂ ಮಗ್ಗುಲಿಗೆ ಉಬ್ಬಿ ಹೊರಗೆ ಬಂದು, ಇದ್ದ ದೀಪವನ್ನೂ ಮುಚ್ಚುತ್ತದೆ. ಕಬ್ಬಿಣದ ಚೌಕಟ್ಟಿನ ಮೂಲೆ ಸವಾರನ ಎದೆಯ ಮಟ್ಟಕ್ಕೇ ಇರುತ್ತದೆ. ರೈತ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇವೆ: ಟ್ರಾಲಿಯ ಹಿಂದೆ ಕೆಂಪು, ಮಗ್ಗುಲಿಗೆ ಹಳದಿ ಪ್ರತಿಫಲಕ ಟೇಪು ಅಂಟಿಸಿ. ಧೂಳು ಕೂತರೆ ಅದು ಹೊಳೆಯುವುದಿಲ್ಲ, ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಲೋಡು ಟೇಪನ್ನು ಮುಚ್ಚುವಂತಿದ್ದರೆ ಅಂಡಿಗೆಯ ಮೇಲೆಯೇ ಒಂದು ಕೆಂಪು ಪ್ರತಿಫಲಕ ಕಟ್ಟಿ.

ಭತ್ತ, ಜೋಳ, ತೊಗರಿಯನ್ನು ರಸ್ತೆಯ ಮೇಲೆ ಒಣಹಾಕಿದಾಗಲೂ ಹೀಗೆಯೇ. ಕಾಳಿನ ಮೇಲೆ ಬೈಕಿನ ಚಕ್ರ ಗೋಲಿಯ ಮೇಲೆ ಹೋದಂತೆ ಜಾರುತ್ತದೆ. ಅಲ್ಲಿ ಬ್ರೇಕು ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ಎಕ್ಸಿಲೇಟರ್ ಬಿಟ್ಟು ನೇರವಾಗಿ ಹೋಗಬೇಕು. ಕಾಳಿಗಿಂತ ಕೇಡು ಅದರ ಸುತ್ತ ಇಟ್ಟ ಕಲ್ಲುಗಳು. ರಾಶಿ ತುಂಬಿಕೊಂಡು ಹೋದವರು ಕಲ್ಲನ್ನು ಅಲ್ಲೇ ಬಿಟ್ಟರೆ ಕತ್ತಲಲ್ಲಿ ತಲೆಗಾತ್ರದ ಆ ಕಲ್ಲು ಮುಂಚಕ್ರಕ್ಕೆ ಸಿಕ್ಕವರು ಏಳುವುದು ಕಷ್ಟ.

ಬೈಕಿನಲ್ಲಿ ಬರುವವರಿಗೆ ಎರಡು ಮಾತು. ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇರಬೇಕು. ಗದ್ದದ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟೇ ಸಡಿಲ ಬಿಡಿ. ಪಟ್ಟಿ ಕಟ್ಟದಿದ್ದರೆ ತಲೆ ನೆಲಕ್ಕೆ ಬಡಿಯುವ ಮೊದಲೇ ಹೆಲ್ಮೆಟ್ ಹಾರಿಹೋಗಿರುತ್ತದೆ. ಹಿಂದೆ ಕೂತವರಿಗೂ ಇದೇ ನಿಯಮ. ಹಾಗೆಯೇ ಹಿಂಚಕ್ರದ ಸೀರೆ ಗಾರ್ಡನ್ನು ಅಂದಕ್ಕೆಂದು ಬಿಚ್ಚಿಸಬೇಡಿ. ದುಪಟ್ಟಾದ ತುದಿ ಕಡ್ಡಿಗಳಿಗೆ ಸಿಕ್ಕರೆ ಒಂದೆರಡು ಸುತ್ತಿನಲ್ಲೇ ಕೊರಳಿಗೆ ಬಿಗಿಯುತ್ತದೆ. ಹತ್ತುವ ಮೊದಲು ದುಪಟ್ಟಾವನ್ನು ಬ್ಯಾಗಿನೊಳಗೆ ಇಡಿ, ಇಲ್ಲವೇ ಎರಡೂ ತುದಿಯನ್ನು ಸೊಂಟಕ್ಕೆ ಕಟ್ಟಿ.

ಬಸ್ಸು ತಪ್ಪಿದರೆ ಟಂಟಂ. ಅದಕ್ಕೆ ಮುಂದೆ ಇರುವುದು ಒಂದೇ ಚಕ್ರ, ತಿರುಗುವುದು ಅದರಿಂದಲೇ. ಹಿಂದಿನ ಹಲಗೆಯ ಮೇಲೆ ಮೂರ್ನಾಲ್ಕು ಜನ ಕೂತರೆ ಮುಂಚಕ್ರ ಹಗುರಾಗಿ ಚಾಲಕ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಚಾಲಕನ ಎರಡೂ ಮಗ್ಗುಲಿಗೆ ಕೂತರೆ ಹ್ಯಾಂಡಲ್ ಪೂರ್ತಿ ಹೊರಳುವುದಿಲ್ಲ. ಇಷ್ಟು ಗೊತ್ತಿದ್ದೂ ಮಕ್ಕಳು ಹತ್ತುವುದು ಮುಂದಿನ ಬಸ್ಸಿನ ನಂಬಿಕೆ ಇಲ್ಲದ್ದಕ್ಕೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಓದಲು ಬರುವ ದಾರಿ ಸಲೀಸಾಗಿದೆ, ಅದು ದೊಡ್ಡ ಮಾತು. ಬಸ್ಸಿನ ವೇಳೆಯನ್ನು ತರಗತಿ ಬಿಡುವ ವೇಳೆಗೆ ಹೊಂದಿಸಿದರೆ ಫುಟ್‌ಬೋರ್ಡಿನ ಮೇಲೆ ನೇತಾಡುವುದು ಅರ್ಧ ತಗ್ಗುತ್ತದೆ. ತರಗತಿ ವೇಳಾಪಟ್ಟಿ ಮತ್ತು ಬಸ್ಸಿನ ವೇಳಾಪಟ್ಟಿಯನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದರೆ ಆಗುವ ಕೆಲಸವಿದು.

ಬಸ್ಸಿನಲ್ಲಿ ಯಾರಾದರೂ ಕಿರುಕುಳ ಕೊಟ್ಟರೆ ಟಿಕೆಟ್ ಎಸೆಯಬೇಡಿ. ಶೂನ್ಯ ಟಿಕೆಟ್ ಆದರೂ ಅದರಲ್ಲಿ ದಿನ, ಸಮಯ ಇರುತ್ತದೆ. ಬಸ್ಸಿನ ನಂಬರನ್ನೂ ಅದರ ಬೆನ್ನಿಗೆ ಬರೆದಿಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಘಟನೆ ನಡೆದದ್ದು ಯಾವ ಠಾಣೆಯ ಗಡಿ ಎಂಬ ತಕರಾರು ಬೇಕಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ: ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿ ಕ್ಯಾಂಪಸ್ ಎಂಬ ಪದದೊಳಗೆ ಸಂಸ್ಥೆಗೆ ಬಂದು ಹೋಗಲು ಒದಗಿಸಿದ ವಾಹನವನ್ನೂ ಸೇರಿಸಿದೆ. ಅಂದರೆ ಅಂಥ ಬಸ್ಸಿನಲ್ಲಿ ಆದದ್ದನ್ನು ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೇ ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಹಾಸ್ಟೆಲಿನ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ.

ಕ್ಯಾಂಪಸ್ಸಿನ ಒಳಗಿನ ದೊಡ್ಡ ತೊಂದರೆ ಬಳ್ಳಾರಿ ಜಾಲಿ. ಹಾಸ್ಟೆಲ್ ದಾರಿಯ ಎರಡೂ ಅಂಚಿಗೆ ಮೂರು ಮೀಟರ್ ಜಾಲಿ ತೆಗೆದರೆ ಇದ್ದ ದೀಪದಲ್ಲೇ ಎದುರಿಗೆ ಬರುವವರ ಮುಖ ಕಾಣುತ್ತದೆ, ಹಾವಿನ ಭಯವೂ ತಗ್ಗುತ್ತದೆ. ಬುಡದ ಮೇಲೆ ಕಡಿದರೆ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕೀಳಿಸಬೇಕು.

ಅಪಘಾತ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಉಸಿರಿಗೆ ಅಡ್ಡಿಯಾಗದಿದ್ದರೆ ಗಾಯಾಳುವಿನ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆ ಹೊರಳಿಸಬೇಡಿ, ರಕ್ತ ಸೋರುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ; ಇಷ್ಟವಿಲ್ಲದಿದ್ದರೆ ಹೆಸರು ಹೇಳಬೇಕಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

ಲೋಕೋಪಯೋಗಿ, ಸಾರಿಗೆ, ಪೊಲೀಸ್ ಅಧಿಕಾರಿಗಳು ಜಾಗ ನೋಡಲು ಬರುವುದಾದರೆ ಬೆಳಿಗ್ಗೆ 11ಕ್ಕೆ ಬರುವುದು ಬೇಡ. ಆಗ ರಸ್ತೆ ಖಾಲಿ, ಬೆಳಕು ಚೆನ್ನ. ಮಂತ್ರಾಲಯದ ಗಾಡಿಗಳೂ ಕೂಡಿಕೊಳ್ಳುವ ಗುರುವಾರದ ಸಂಜೆ 5ರಿಂದ 6.30ರವರೆಗೆ, ಕೈಯಲ್ಲಿ ಅಳತೆ ಟೇಪು ಹಿಡಿದು, ವಿದ್ಯಾರ್ಥಿಗಳ ಪಕ್ಕದಲ್ಲೇ ನಿಂತು ನೋಡಲಿ.

— ರಸ್ತೆ ಸುರಕ್ಷತೆ ತರಬೇತುದಾರರು, ರಾಯಚೂರು