ಫಿಲ್ಟರ್ ಇದ್ದರೂ ನೀರು ಬದಲಿಸಲೇಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಎರಡು ಮಾತು ಗಂಟಲಲ್ಲಿ ಇಳಿಯಲಿಲ್ಲ. ಒಳ್ಳೆಯ ಫಿಲ್ಟರ್ ಹಾಕಿದರೆ ಆರು ತಿಂಗಳು ನೀರು ಮುಟ್ಟಬೇಕಿಲ್ಲ ಅನ್ನುವುದು ಒಂದು. ಕರಾವಳಿಯವರಿಗೆ ಸಮುದ್ರದ ನೀರು ಪುಕ್ಕಟೆ ಸಿಗುತ್ತದೆ, ಚಿಂತೆಯೇ ಇಲ್ಲ ಅನ್ನುವುದು ಇನ್ನೊಂದು. ನಾನು ಸುರತ್ಕಲ್‌ನವನು, ಏಳು ವರ್ಷದಿಂದ 200 ಲೀಟರಿನ ತೊಟ್ಟಿ ನೋಡಿಕೊಳ್ಳುತ್ತಿದ್ದೇನೆ. ಈ ಎರಡೂ ತಪ್ಪು ನಾನೇ ಮಾಡಿದವು.

ನನಗೆ ತೊಟ್ಟಿ ಮಾರಿದ ಅಂಗಡಿಯವರೂ ಫಿಲ್ಟರ್ ಇದ್ದರೆ ಸಾಕು ಎಂದೇ ಹೇಳಿದ್ದರು. ನೀರೂ ಗಾಜಿನ ಹಾಗೆ ತಿಳಿಯಾಗಿತ್ತು. ಮೋಸ ಇರುವುದೇ ಅಲ್ಲಿ. ಮೀನಿನ ಹೇಲು, ತಿನ್ನದೆ ಬಿಟ್ಟ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲು, ಮರಳು, ಸ್ಪಂಜಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಫಿಲ್ಟರಿನ ಕೆಲಸ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು. ನೈಟ್ರೇಟ್ ನೀರಲ್ಲೇ ಉಳಿಯುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಐದನೇ ತಿಂಗಳಲ್ಲಿ ಟೆಸ್ಟ್ ಕಿಟ್ ತಂದು ನೋಡಿದರೆ ಕೊಳವೆ ಕಡುಕೆಂಪಾಯಿತು. ಬಣ್ಣದ ಕಾರ್ಡಿಗೆ ಹಿಡಿದರೆ ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂ. ಫಿಲ್ಟರ್ ಬಿಚ್ಚಿದೆ, ಸ್ಪಂಜಿನ ತುಂಬ ಕಂದು ಲೋಳೆ. ಕೊಳೆ ಹಿಡಿಯಬೇಕಾದದ್ದೇ ಕೊಳೆ ಸಾಕುತ್ತಿತ್ತು. ಗಾಬರಿಯಲ್ಲಿ ನಲ್ಲಿಯಡಿ ಹಿಡಿದು ತಿಕ್ಕಿದೆ. ಅದೂ ತಪ್ಪೇ, ನಲ್ಲಿ ನೀರಿನ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಸ್ಪಂಜು ಹಿಂಡಬೇಕು.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ಕ್ಯಾಲೆಂಡರಿನ ಹಿಂದೆ ಕೂಡಿಸಿ ಕಳೆದು ನೋಡಿದೆ. ನನ್ನ ತೊಟ್ಟಿಯಲ್ಲಿ ನೈಟ್ರೇಟ್ ವಾರಕ್ಕೆ 5 ಏರುತ್ತಿತ್ತು. ವಾರಕ್ಕೆ ನೂರಕ್ಕೆ ಹತ್ತು ಪಾಲು ನೀರು ಬದಲಿಸಿದರೆ ಅದು 50ರ ಹತ್ತಿರ ಹೋಗಿ ನಿಲ್ಲುತ್ತದೆ. ಇಪ್ಪತ್ತು ಪಾಲು ಬದಲಿಸಿದರೆ 25ಕ್ಕೆ. ಬದಲಿಸದೇ ಇದ್ದರೆ? ಏರುತ್ತಲೇ ಇರುತ್ತದೆ, ಸಾಲದ ಬಡ್ಡಿಯ ಹಾಗೆ. ಅಂದಿನಿಂದ ಪ್ರತಿ ಭಾನುವಾರ 40 ಲೀಟರ್ ಹೊರಗೆ, 40 ಲೀಟರ್ ಒಳಗೆ. "ದೇವರಿಗೂ ಇಷ್ಟು ನೇಮದಿಂದ ಅಭಿಷೇಕ ಮಾಡಲಿಲ್ಲ ನೀವು" ಅನ್ನುತ್ತಾಳೆ ಮನೆಯಾಕೆ.

ಫಿಲ್ಟರೇ ಬೇಡ ಅನ್ನುತ್ತಿಲ್ಲ ಮಾರಾಯ್ರೇ. ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರವಂತೂ ಬೇಕೇ ಬೇಕು ಅನ್ನುತ್ತೇನೆ. ಮಳೆಗಾಲದಲ್ಲಿ ಕಡಲ ದಂಡೆಯಲ್ಲಿ ಕಂದು ನೊರೆ ಕಟ್ಟುತ್ತದಲ್ವಾ, ಅದೇ ಕೆಲಸವನ್ನು ಇದು ಕೊಳವೆಯೊಳಗೆ ಮಾಡುತ್ತದೆ. ಸಣ್ಣ ಸಣ್ಣ ಗುಳ್ಳೆಗೆ ಕೊಳೆ ಅಂಟಿ ಮೇಲೇರಿ ಬಟ್ಟಲಲ್ಲಿ ಬೀಳುತ್ತದೆ. ಮೂರು ದಿನಕ್ಕೆ ಚಹಾ ಡಿಕಾಕ್ಷನ್ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ನೀರು ಒಂದು ಲೋಟ. ಅಷ್ಟು ಕೊಳೆ ಕೊಳೆಯುವ ಮೊದಲೇ ಹೊರಗೆ ಹೋಯಿತು. ಆದರೂ ಆಗಲೇ ಆದ ನೈಟ್ರೇಟನ್ನು ಅದು ತೆಗೆಯುವುದಿಲ್ಲ.

ಇನ್ನು ಪುಕ್ಕಟೆ ನೀರು. ಬೇಸಿಗೆಯಲ್ಲಿ ಕ್ಯಾನ್ ಹಿಡಿದು ಹೋಗಿ ತಂದದ್ದುಂಟು, ತೊಂದರೆಯಾಗಲಿಲ್ಲ. ಆ ಧೈರ್ಯದಲ್ಲಿ ಮಳೆ ಸುರಿಯುವ ಆಟಿ ತಿಂಗಳಲ್ಲೂ ಎರಡು ಕ್ಯಾನ್ ತಂದು, ಕೆಸರು ಇಳಿಯಲು ಬಿಟ್ಟು, ಅಳೆಯದೆ ಸುರಿದೆ. ಮರುದಿನ ಬೆಳಿಗ್ಗೆ ಎರಡು ಸೀಗಡಿ ಮರಳಿನ ಮೇಲೆ ಅಡ್ಡ ಬಿದ್ದಿದ್ದವು. ಅವುಗಳ ಕೆಂಪು ಪಟ್ಟೆ ಆಗಲೇ ಮಾಸಿತ್ತು. ಕ್ಯಾನಿನ ತಳದಲ್ಲಿ ಉಳಿದದ್ದನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದೆ, ಸಿಹಿನೀರಿಗೆ ಹೋಲಿಸಿದ ಸಾಂದ್ರತೆ 1.014. ಸಮುದ್ರದ ನೀರು 1.025 ಇರಬೇಕು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೇತ್ರಾವತಿ, ಫಲ್ಗುಣಿ ಎಲ್ಲ ತುಂಬಿ ಹರಿದು ಸೇರುವಾಗ ನಮ್ಮ ದಂಡೆಯ ಕಡಲು ಅರ್ಧ ಹೊಳೆಯೇ. ಮೀನು ಹೇಗೋ ತಡೆದುಕೊಂಡಿತು, ಸೀಗಡಿಗೆ ಆ ಒಂದೇ ಏಟು ಸಾಕಾಯಿತು.

ಈಗ ಆರ್‌ಒ ನೀರಿಗೆ ಅಕ್ವೇರಿಯಂಗೆಂದೇ ಬರುವ ಉಪ್ಪು ಕಲಸುತ್ತೇನೆ. ಅಡುಗೆ ಉಪ್ಪು ನಡೆಯದು, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಹಿಂದಿನ ರಾತ್ರಿಯೇ ಬಕೆಟಿನಲ್ಲಿ ಪಂಪ್ ಹಾಕಿ ತಿರುಗಲು ಬಿಡುತ್ತೇನೆ. ಮತ್ತೊಂದು, ಏಪ್ರಿಲ್‌ನಲ್ಲಿ ಫ್ಯಾನ್ ಗಾಳಿಗೆ ದಿನಕ್ಕೆ ಮೂರು ಲೀಟರ್ ಆರಿ ಹೋಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಆ ಜಾಗಕ್ಕೆ ಸಿಹಿನೀರೇ ಹಾಕಬೇಕು. ನಾವು ಊರಿಗೆ ಹೋದಾಗ ನನ್ನ ಭಾವ ಪಾಪ, ಉಪ್ಪುನೀರಿನ ತೊಟ್ಟಿ ಎಂದು ಐದು ದಿನ ಉಪ್ಪುನೀರೇ ತುಂಬಿದ್ದರು. ಅರ್ಧ ಕಿಲೋ ಉಪ್ಪು ಜಾಸ್ತಿ!

ನಿಮ್ಮ ಚಿತ್ರದಲ್ಲಿ ಅಲಂಕಾರಕ್ಕೆ ಇಟ್ಟ ಬಿಳಿ ಹವಳದ ಬಗ್ಗೆಯೂ ಒಂದು ಮಾತು. ನಮ್ಮ ಕಡಲಿನ ಹವಳ, ಕಡಲಕುದುರೆ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದ ಹವಳದ ತುಂಡು ಮುರಿದು ತಂದರೆ ಅದು ಅಲಂಕಾರವಲ್ಲ, ಅಪರಾಧ.

ಉಳಿದದ್ದು ಬಿಡಿ, ಆ ಆರು ತಿಂಗಳ ಮಾತನ್ನಾದರೂ ಮುಂದಿನ ಪುರವಣಿಯಲ್ಲಿ ತಿದ್ದಿ ಹಾಕಿ. ನನ್ನ ಅಕ್ಕನ ಮಗ ಆ ಪುಟ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ತೊಟ್ಟಿ ತರಲು ಹೊರಟಿದ್ದಾನೆ. ನಾನು ಹೇಳಿದರೆ, "ಮಾವ, ಪೇಪರಿನಲ್ಲೇ ಬಂದಿದೆ" ಅನ್ನುತ್ತಾನೆ.

— ನಿವೃತ್ತ ಬ್ಯಾಂಕ್ ನೌಕರ, ಸುರತ್ಕಲ್